ಮಾಲು ಬಂದ ತಾರೀಖು ಯಾವುದು? ಗಡಿ ದಾಟುವ ಮಾರಾಟದ ಕಾನೂನಿನ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಹೀಗೇ ಒಂದು ಸಾಲು ಬರೆದಿದ್ದೆ. ಬೇರೆ ಬೇರೆ ದೇಶದಲ್ಲಿರುವ ಇಬ್ಬರು ವ್ಯಾಪಾರಿಗಳ ಮಾರಾಟದ ಕರಾರಿಗೆ ಬೇರೆಯದೇ ಕಾನೂನಿದೆ, ಅದನ್ನು ಓದುವುದು ಮಜಾ ಇರುತ್ತದೆ ಅಂತ. ಮಜಾ ಎಲ್ಲಿದೆ ಸ್ವಲ್ಪ ತೋರಿಸಿ ಅಂತ ಪತ್ರಗಳು ಬಂದಿವೆ. ಒಂದೆರಡು ಜಗಳಕ್ಕೇ ಬಂದ ಹಾಗಿವೆ. ಸರಿ, ನೋಡೋಣ.

ಪ್ರಶ್ನೆ: ಮೇಡಂ, ನಾನು ಎಲ್‌ಎಲ್‌ಬಿ ಮೂರನೇ ವರ್ಷ. ಈ ವಿಷಯವನ್ನು ಐಚ್ಛಿಕವಾಗಿ ತಗೊಂಡೆ. ಸಿಐಎಸ್‌ಜಿ ಅಂದರೆ 101 ವಿಧಿ ಅಂತ ಮೇಷ್ಟ್ರು ಮೊದಲ ದಿನವೇ ಹೇಳಿದರು. ಈಗ ತರಗತಿ 39ನೇ ವಿಧಿಗೆ ಬಂದಿದೆ, ನನ್ನ ತಲೆಯಲ್ಲಿ ಒಂದೂ ನಿಂತಿಲ್ಲ. ಮೊದಲಿನಿಂದ ಬಾಯಿಪಾಠ ಮಾಡಲಾ?

ಉತ್ತರ: ಬೇಡ. ನೀವು ಸರಿಯಾದ ಕಡೆಗೇ ಬಂದು ನಿಂತಿದ್ದೀರಿ. 39ರಿಂದಲೇ ಶುರು ಮಾಡಿ.

ಗೊತ್ತಿಲ್ಲದವರಿಗೆ ಒಂದು ಮಾತು. ಸಿಐಎಸ್‌ಜಿ ಅಂದರೆ ಅಂತರರಾಷ್ಟ್ರೀಯ ಸರಕು ಮಾರಾಟದ ಕರಾರುಗಳ ಬಗ್ಗೆ ವಿಶ್ವಸಂಸ್ಥೆ ಮಾಡಿದ ಒಪ್ಪಂದ. 1980ರ ಏಪ್ರಿಲ್ 11ರಂದು ವಿಯೆನ್ನಾದಲ್ಲಿ ಅಂಗೀಕಾರವಾಯಿತು, 1988ರ ಜನವರಿ 1ರಿಂದ ಜಾರಿಯಲ್ಲಿದೆ. ಈಗ 90ಕ್ಕೂ ಹೆಚ್ಚು ದೇಶಗಳು ಇದರೊಳಗಿವೆ. ವ್ಯಾಪಾರಿಗಳ ನಡುವಿನ ಸರಕಿಗೆ ಮಾತ್ರ ಇದು ಅನ್ವಯ. ಮನೆಬಳಕೆಗೆ ಕೊಂಡದ್ದು, ಹರಾಜಿನಲ್ಲಿ ಕೊಂಡದ್ದು, ಷೇರು, ಹಡಗು, ವಿಮಾನ, ವಿದ್ಯುತ್ ಇದಕ್ಕೆ ಬರುವುದಿಲ್ಲ.

ಈಗ 39. ಮಾಲು ಸರಿಯಿಲ್ಲ ಅಂತ ಕೊಳ್ಳುವವನಿಗೆ ಗೊತ್ತಾದ ಮೇಲೆ, ಅಥವಾ ಗೊತ್ತಾಗಬೇಕಿದ್ದ ದಿನದಿಂದ, ಯೋಗ್ಯ ಕಾಲಾವಧಿಯೊಳಗೆ ಮಾರಿದವನಿಗೆ ತಿಳಿಸಬೇಕು. ಏನು ಕೊರತೆ ಅಂತಲೂ ಹೇಳಬೇಕು. ಸುಮ್ನೆ 'ಮಾಲು ಚೆನ್ನಾಗಿಲ್ಲ' ಅಂದರೆ ಆಗಲಿಲ್ಲ. ತಿಳಿಸದಿದ್ದರೆ ಆ ಕೊರತೆಯ ಮೇಲಿನ ಹಕ್ಕೇ ಹೋಯಿತು. ಏನೇ ಆದರೂ ಮಾಲು ಕೈಗೆ ಬಂದು 2 ವರ್ಷ ದಾಟಿದರೆ ಬಾಗಿಲು ಮುಚ್ಚಿತು, ಕರಾರಿನಲ್ಲಿ ಬೇರೆ ಗ್ಯಾರಂಟಿ ಅವಧಿ ಇದ್ದರೆ ಅದು ಬೇರೆ ಮಾತು. ಹಾಗಾದರೆ ಗೊತ್ತಾಗಬೇಕಿದ್ದ ದಿನ ಯಾವುದು? ಅದಕ್ಕೆ ಹಿಂದಿನ ಪುಟಕ್ಕೆ, 38ಕ್ಕೆ ಹೋಗಬೇಕು. ಅಲ್ಲಿ ಮಾಲನ್ನು ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಪರೀಕ್ಷಿಸಬೇಕು ಅಂತಿದೆ. ಸರಿಯಿಲ್ಲ ಅಂದರೇನು? 35. ಮಾರಿದವನಿಗೆ ಮೊದಲೇ ಗೊತ್ತಿದ್ದು ಮುಚ್ಚಿಟ್ಟಿದ್ದರೆ? 40, ಆಗ ಅವನು 38, 39 ತೋರಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ. ತಿಳಿಸದೆ ಇರಲು ಕೊಳ್ಳುವವನಿಗೆ ಒಪ್ಪುವಂಥ ಕಾರಣ ಇದ್ದರೆ? 44. ನೋಡಿ, ಒಂದು ವಿಧಿ ಹಿಡಿದು ಎಳೆದರೆ ಐದು ಬಂದವು. ಬಾಯಿಪಾಠ ಮಾಡಿದರೆ ಹೀಗೆ ಬರುವುದಿಲ್ಲ.

ಇದರ ಜೊತೆ ಒಂದು ಕೇಸು ಓದಿ. 1995ರ ಮಾರ್ಚ್ 8ರಂದು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ ತೀರ್ಪು ಕೊಟ್ಟ ಚಿಪ್ಪುಮೀನಿನ ಕೇಸು. ಮಾರಿದವರು ಸ್ವಿಟ್ಜರ್‌ಲೆಂಡ್‌ನವರು, ಕೊಂಡವರು ಜರ್ಮನಿಯವರು, ಚಿಪ್ಪುಮೀನು ನ್ಯೂಜಿಲೆಂಡ್‌ನದು. ಪರೀಕ್ಷೆ ಮಾಡಿದರೆ ಕ್ಯಾಡ್ಮಿಯಂ ಅನ್ನುವ ವಿಷಲೋಹ ಜರ್ಮನಿಯ ಆರೋಗ್ಯ ಇಲಾಖೆಯ ಮಾರ್ಗಸೂಚಿ ಮಿತಿಗಿಂತ ಜಾಸ್ತಿ. ಕೊಂಡವರು ದುಡ್ಡು ಕೊಡಲ್ಲ ಅಂದರು. ಕೋರ್ಟು ಕೊಡಬೇಕು ಅಂದಿತು. ಕೊಳ್ಳುವವನ ದೇಶದ ಸರ್ಕಾರಿ ನಿಯಮಗಳನ್ನೆಲ್ಲ ಮಾರುವವನು ತಿಳಿದುಕೊಂಡಿರಬೇಕು ಅಂತೇನೂ ಇಲ್ಲ. ಮಾರುವವನ ದೇಶದಲ್ಲೂ ಅದೇ ನಿಯಮ ಇದ್ದರೆ, ಅಥವಾ ಕೊಳ್ಳುವವನು ಮೊದಲೇ ಹೇಳಿದ್ದರೆ, ಅಥವಾ ಮಾರುವವನಿಗೆ ಕೊಳ್ಳುವವನ ದೇಶದಲ್ಲೇ ಒಂದು ಶಾಖೆ ಇರುವಂಥ ವಿಶೇಷ ಕಾರಣ ಇದ್ದರೆ ಮಾತ್ರ ಬೇರೆ. ಪ್ಯಾಕಿಂಗ್ ಸರಿಯಿರಲಿಲ್ಲ ಅಂತಲೂ ಒಂದು ದೂರಿತ್ತು. ಒಂದು ತಿಂಗಳು ಅಂತ ಉದಾರವಾಗಿ ಲೆಕ್ಕ ಹಾಕಿದರೂ ಆ ದೂರು ತಡವಾಗಿ ಬಂದಿತ್ತು. ಅಟ್ಟ ಮೇಲೆ ಒಲೆ ಉರಿದ ಹಾಗೆ.

ಇದೊಂದು ಕೇಸಿನಲ್ಲಿ 35, 38, 39 ಮೂರೂ ಸಿಗುತ್ತವೆ. ಆಮೇಲೆ 25ಕ್ಕೂ 49ಕ್ಕೂ ಹೋಗಿ. ಯಾವಾಗ ಕರಾರನ್ನೇ ಮುರಿಯಬಹುದು ಅನ್ನುವುದು ಅಲ್ಲಿದೆ. ಸುಲಭಕ್ಕೆ ಮುರಿಯಲು ಬಿಡುವುದಿಲ್ಲ ಈ ಕಾನೂನು. ಯಾಕೆಂದರೆ ಸಮುದ್ರ ದಾಟಿ ಬಂದ ಮಾಲನ್ನು ವಾಪಸ್ ಕಳಿಸುವುದು ಅಂದರೆ ಇಬ್ಬರಿಗೂ ನಷ್ಟ. ನಷ್ಟ ಪರಿಹಾರಕ್ಕೆ 74ರಿಂದ 77. ಮೊದಲ ಆರು ವಿಧಿಗಳನ್ನು ಕೊನೆಗೆ ಓದಿದರೂ ನಡೆಯುತ್ತದೆ, ಆಗ ಚೆನ್ನಾಗಿ ಅರ್ಥವಾಗುತ್ತವೆ ಕೂಡ.

ಪ್ರಶ್ನೆ: ಭಾರತ ಈ ಒಪ್ಪಂದಕ್ಕೆ ಸೇರಿಯೇ ಇಲ್ಲ. ಮತ್ತೆ ಇದನ್ನು ಯಾಕೆ ಓದಬೇಕು? ಮಾರ್ಕ್ಸಿಗಾ?

ಉತ್ತರ: ಭಾರತ ಸೇರಿಲ್ಲ, ಬ್ರಿಟನ್ ಕೂಡ ಸೇರಿಲ್ಲ, ನಿಜ. ಆದರೆ ಅಮೆರಿಕ, ಚೀನಾ, ಜರ್ಮನಿ, ಫ್ರಾನ್ಸ್, ಜಪಾನ್ ಎಲ್ಲ ಒಳಗಿವೆ. ಒಳಗಿರುವ ದೇಶದವನ ಜೊತೆ ವ್ಯಾಪಾರ ಮಾಡಿ, 'ಜರ್ಮನ್ ಕಾನೂನು ಅನ್ವಯ' ಅಂತ ಒಂದು ಸಾಲು ಬರೆದು ಸಹಿ ಹಾಕಿದರೆ ಏನಾಗುತ್ತದೆ? ಜರ್ಮನ್ ಕಾನೂನು ಅಂದರೆ ಅದರೊಳಗೆ ಸಿಐಎಸ್‌ಜಿ ಕೂಡ ಇದೆ. 1ನೇ ವಿಧಿಯ 1ಬಿ ಓದಿ. ನಿಮಗೆ ಗೊತ್ತಿಲ್ಲದೆಯೇ ನೀವು ಅದರೊಳಗೆ ಕಾಲಿಟ್ಟಿರುತ್ತೀರಿ. ಬೇಡ ಅಂದರೆ 6ನೇ ವಿಧಿ ಪ್ರಕಾರ ಬಿಡಬಹುದು, ಆದರೆ ಬಿಟ್ಟಿದ್ದೇವೆ ಅಂತ ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು. ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ 2003ರಲ್ಲಿ ಇದನ್ನೇ ಹೇಳಿತು. ಕರಾರಿನಲ್ಲಿ ಈಕ್ವೆಡಾರ್ ಕಾನೂನು ಅಂತ ಇತ್ತು. ಈಕ್ವೆಡಾರ್ ಒಪ್ಪಂದಕ್ಕೆ ಸೇರಿದೆ, ಹಾಗಾಗಿ ಸಿಐಎಸ್‌ಜಿಯೇ ಅನ್ವಯ ಅಂದಿತು.

ಅಮೆರಿಕ, ಚೀನಾ, ಸಿಂಗಪುರದಂಥ ಕೆಲವು ದೇಶಗಳು 95ನೇ ವಿಧಿಯಲ್ಲಿ ಒಂದು ವಿನಾಯಿತಿ ತೆಗೆದುಕೊಂಡಿವೆ, 1ಬಿ ನಮಗೆ ಬೇಡ ಅಂತ. ಪರೀಕ್ಷೆಯಲ್ಲಿ ಎಡವುವ ಜಾಗ ಇದು, ನೆನಪಿಟ್ಟುಕೊಳ್ಳಿ.

ಪ್ರಶ್ನೆ: ಸಹಿ ಇಲ್ಲದೆ ಕರಾರೇ ಇಲ್ಲ ಅಂತ ನನ್ನ ಗೆಳೆಯ. ಫೋನಿನಲ್ಲಿ ಒಪ್ಪಿದರೂ ಸಾಕು ಅಂತ ನಾನು. ಬೆಟ್ ಕಟ್ಟಿದ್ದೇವೆ. ಯಾರು ಗೆದ್ದರು?

ಉತ್ತರ: ನೀವು. 11ನೇ ವಿಧಿ: ಬರವಣಿಗೆ ಬೇಕಿಲ್ಲ, ಸಾಕ್ಷಿಯಿಂದಲೂ ಕರಾರನ್ನು ಸಾಬೀತು ಮಾಡಬಹುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. (ನಿಮ್ಮ ಗೆಳೆಯ ಪೂರ್ತಿ ಸೋತಿಲ್ಲ. 96ನೇ ವಿಧಿಯಲ್ಲಿ ಕೆಲವು ದೇಶಗಳು ಬರವಣಿಗೆ ಬೇಕೇ ಬೇಕು ಅಂತ ಉಳಿಸಿಕೊಂಡಿವೆ. ಚೀನಾ ಹಾಗೆ ಉಳಿಸಿಕೊಂಡಿತ್ತು, 2013ರಲ್ಲಿ ಕೈಬಿಟ್ಟಿತು. ಬೆಟ್ಟಿನ ಅರ್ಧ ವಾಪಸ್ ಕೊಡಿ.)

ನಿಜವಾದ ಗಮ್ಮತ್ತು ಇರುವುದು ಸಹಿ ಇದ್ದೂ ಒಪ್ಪಿಲ್ಲ ಅನ್ನುವಾಗ. ಅಮೆರಿಕದ ಫ್ಲೋರಿಡಾದ ಒಂದು ಕಂಪನಿ ಇಟಲಿಯ ಬೊಲೋನ್ಯಾದಲ್ಲಿ ನಡೆದ ಟೈಲ್ಸ್ ಮೇಳದಲ್ಲಿ ಅಲ್ಲಿನ ಕಾರ್ಖಾನೆಯವರ ಹತ್ತಿರ ಮಾಲು ಮಾತಾಡಿತು. ದರ, ಗುಣಮಟ್ಟ, ಪ್ರಮಾಣ ಎಲ್ಲ ಬಾಯಿಮಾತಿನಲ್ಲೇ ಆಯಿತು. ಆಮೇಲೆ ಕಾರ್ಖಾನೆಯವರ ಅಚ್ಚು ಹಾಕಿದ ಫಾರಂಗೆ ಸಹಿ. ಫಾರಂ ಪೂರ್ತಿ ಇಟಾಲಿಯನ್. ಸಹಿ ಹಾಕಿದವರಿಗೆ ಇಟಾಲಿಯನ್ ಬಾರದು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಏನಿತ್ತು ಅಂದರೆ, ದೂರು ಇದ್ದರೆ ಮಾಲು ಬಂದ 10 ದಿನದೊಳಗೆ ರಿಜಿಸ್ಟರ್ಡ್ ಪತ್ರದಲ್ಲಿ ತಿಳಿಸಬೇಕು. ಜಗಳ ಕೋರ್ಟಿಗೆ ಹೋಯಿತು. ಹಿಂಬದಿಯ ಷರತ್ತಿಗೆ ಕಟ್ಟುಬೀಳುವ ಮನಸ್ಸು ನಮ್ಮಿಬ್ಬರಿಗೂ ಇರಲಿಲ್ಲ, ಅದು ಅವರಿಗೂ ಗೊತ್ತಿತ್ತು ಅಂತ ಕೊಂಡವರ ವಾದ. ಅಮೆರಿಕದ ಮಾಮೂಲಿ ನಿಯಮದ ಪ್ರಕಾರ, ಬರೆದ ಕರಾರು ಇದ್ದರೆ ಅದಕ್ಕೆ ಮೊದಲು ಆಡಿದ ಮಾತಿಗೆ ಬೆಲೆಯಿಲ್ಲ. ಆದರೆ 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಏನು ಹೇಳಿತು ಗೊತ್ತಾ? ಆ ನಿಯಮ ಇಲ್ಲಿ ನಡೆಯಲ್ಲ, 8ನೇ ವಿಧಿ ಇಬ್ಬರ ಮನಸ್ಸಿನಲ್ಲಿ ಏನಿತ್ತು ಅಂತ ನೋಡಿ ಅನ್ನುತ್ತದೆ, ಹಾಗಾಗಿ ಆ ಮಾತುಗಳನ್ನು ಕೇಳಲೇಬೇಕು.

ಈ ವಿಷಯ ಓದುವಾಗ ಕಷ್ಟವಾಗುವುದು ಇಲ್ಲೇ. ಎರಡು ವರ್ಷ ಕಷ್ಟಪಟ್ಟು ಕಲಿತ ನಿಮ್ಮ ದೇಶದ ಕಾಂಟ್ರ್ಯಾಕ್ಟ್ ಕಾನೂನು ಪ್ರತಿ ಸಾಲಿನಲ್ಲೂ ಕಿವಿಯಲ್ಲಿ ಪಿಸುಗುಡುತ್ತದೆ. 'ಕನ್ಸಿಡರೇಶನ್, ಅಂದರೆ ಕೊಟ್ಟ ಮಾತಿಗೆ ಪ್ರತಿಫಲ, ಎಲ್ಲಿ?' ಅಂತ. ಇಲ್ಲಿ ಅದು ಬೇಕಿಲ್ಲ. 'ಆಫರನ್ನು ಒಪ್ಪಿಗೆ ಬರುವ ಮೊದಲು ವಾಪಸ್ ತಗೋಬಹುದಲ್ವಾ?' ಅಂತ. ಇಂತಿಷ್ಟು ದಿನ ಕಾಯುತ್ತೇನೆ ಅಂತ ಹೇಳಿದ್ದರೆ ಆಗಲ್ಲ, 16ನೇ ವಿಧಿ. 7ನೇ ವಿಧಿ ಈ ಪಿಸುಮಾತು ಕೇಳಬೇಡಿ ಅಂತ ಕಿವಿ ಹಿಂಡುತ್ತದೆ. ಇದು ಅಂತರರಾಷ್ಟ್ರೀಯ ಕಾನೂನು, ಎಲ್ಲ ಕಡೆ ಒಂದೇ ಥರ ಓದಬೇಕು ಅಂತ. ದೊಡ್ಡ ದೊಡ್ಡ ನ್ಯಾಯಾಧೀಶರೇ ತಮ್ಮ ಊರಿನ ಕಾನೂನಿನ ಕಡೆಗೆ ಜಾರುತ್ತಾರೆ, ವಿದ್ಯಾರ್ಥಿ ಜಾರಿದರೆ ಏನು ಮಹಾ.

ಪ್ರಶ್ನೆ: ನಾನು ಬಿಕಾಂ. ಎಫ್‌ಒಬಿ, ಸಿಐಎಫ್ ಓದಿದ್ದೇನೆ. ಅದೂ ಇದೂ ಒಂದೇನಾ?

ಉತ್ತರ: ಅಲ್ಲ, ಆದರೆ ಒಂದರ ಪಕ್ಕ ಒಂದು ಕೂರುತ್ತವೆ. ನೀವು ಓದಿದ್ದು ಇಂಕೋಟರ್ಮ್ಸ್, ಅಂದರೆ ಮಾಲು ತಲುಪಿಸುವ ಷರತ್ತುಗಳಿಗೆ ಇಟ್ಟ ಮೂರಕ್ಷರದ ಹೆಸರುಗಳು. ಪ್ಯಾರಿಸ್‌ನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಮೊದಲು ಹೊರತಂದದ್ದು. ಈಗಿನದು 2020ರ ಆವೃತ್ತಿ, ಒಟ್ಟು 11 ನಿಯಮ. ಇದು ಕಾನೂನಲ್ಲ. ಇಬ್ಬರೂ ಒಪ್ಪಿ ಕರಾರಿನಲ್ಲಿ ಬರೆದರೆ ಮಾತ್ರ ಕಟ್ಟುಪಾಡು. ಯಾರು ಸಾಗಣೆ ಖರ್ಚು ಕೊಡಬೇಕು, ಯಾರು ವಿಮೆ ಮಾಡಿಸಬೇಕು, ಅಪಾಯದ ಹೊಣೆ ಎಲ್ಲಿ ಕೈ ಬದಲಾಗುತ್ತದೆ, ಇಷ್ಟು ಹೇಳುತ್ತದೆ. ಮಾಲು ಕೆಟ್ಟಿದ್ದರೆ ಪರಿಹಾರ ಎಷ್ಟು, ಕರಾರು ಮುರಿಯಬಹುದಾ, ಇದಕ್ಕೆ ಅದರಲ್ಲಿ ಉತ್ತರವಿಲ್ಲ, ಸಿಐಎಸ್‌ಜಿಗೆ ಬರಬೇಕು. ಮಾಲಿನ ಒಡೆತನ ಯಾವಾಗ ಯಾರದ್ದಾಯಿತು ಅನ್ನುವುದಕ್ಕೆ ಎರಡರಲ್ಲೂ ಉತ್ತರವಿಲ್ಲ. ಅದಕ್ಕೆ ಯಾವುದೋ ದೇಶದ ಕಾನೂನನ್ನೇ ಹುಡುಕಬೇಕು.

ಸಿಐಎಫ್‌ನಲ್ಲಿ ವಿದ್ಯಾರ್ಥಿಗಳು ತಪ್ಪದೆ ಬೀಳುವ ಒಂದು ಗುಂಡಿ ಇದೆ. ಸಿಐಎಫ್ ಪಕ್ಕ ಬರೆಯುವುದು ಮಾಲು ಹೋಗಿ ತಲುಪುವ ಬಂದರಿನ ಹೆಸರು. ಅಲ್ಲಿಯವರೆಗೆ ಬಾಡಿಗೆ, ವಿಮೆ ಮಾರುವವನದ್ದು. ಹಾಗಾದರೆ ಅಪಾಯವೂ ಅಲ್ಲಿಯವರೆಗೆ ಅವನದ್ದೇ ಅಲ್ವಾ? ಅಲ್ಲ. ಮಾಲು ಹೊರಡುವ ಬಂದರಿನಲ್ಲಿ ಹಡಗು ಹತ್ತಿದ ಕ್ಷಣ ಅಪಾಯ ಕೊಳ್ಳುವವನ ತಲೆಗೆ ಬಂತು. ನಡುನೀರಿನಲ್ಲಿ ಮಾಲು ಹಾಳಾದರೆ ಕೊಳ್ಳುವವನು ಪೂರ್ತಿ ದುಡ್ಡು ಕೊಟ್ಟು ವಿಮೆಯವರ ಬಾಗಿಲು ತಟ್ಟಬೇಕು. ಆ ವಿಮೆಯೂ ಸಿಐಎಫ್‌ನಲ್ಲಿ ಕನಿಷ್ಠ ಮಟ್ಟದ್ದು.

ಕಂಟೇನರ್ ಮಾಲಿಗೆ ಎಫ್‌ಒಬಿ ಬೇಡ, ಎಫ್‌ಸಿಎ (ಸಾಗಣೆದಾರನ ಕೈಗೆ ಕೊಟ್ಟಾಗಲೇ ಅಪಾಯ ದಾಟುವ ನಿಯಮ) ಬಳಸಿ ಅಂತ ಇಂಕೋಟರ್ಮ್ಸ್ ಪುಸ್ತಕವೇ ಹೇಳುತ್ತದೆ. ಕಂಟೇನರನ್ನು ಟರ್ಮಿನಲ್‌ನಲ್ಲಿ ಬಿಟ್ಟು ಬಂದರೆ ಮಾರುವವನ ಕೈ ತಪ್ಪಿತು, ಆದರೆ ಎಫ್‌ಒಬಿ ಪ್ರಕಾರ ಹಡಗು ಹತ್ತುವ ತನಕ ಅಪಾಯ ಅವನದ್ದೇ. ಆ ನಾಲ್ಕು ದಿನ ಅಂಗಳದಲ್ಲಿ ನಿಂತ ಡಬ್ಬಿಗೆ ಏನಾದರೂ ಆದರೆ? ಹೀಗಿದ್ದೂ ಜನ ಎಫ್‌ಒಬಿ ಅಂತಲೇ ಬರೆಯುತ್ತಾರೆ. ಅಭ್ಯಾಸ.

ಪ್ರಶ್ನೆ: ಕರಾರು ಆದ ಮೇಲೆ ಕಚ್ಚಾ ವಸ್ತುವಿನ ಬೆಲೆ ಸಿಕ್ಕಾಪಟ್ಟೆ ಏರಿತು. ಹಳೇ ದರಕ್ಕೆ ಕೊಡಲ್ಲ ಅನ್ನಬಹುದಾ? ನಮ್ಮ ಅಸೈನ್‌ಮೆಂಟ್ ಇದು.

ಉತ್ತರ: ಅಸೈನ್‌ಮೆಂಟನ್ನು ನಾನೇ ಬರೆದು ಕೊಡುವುದಿಲ್ಲ, ದಾರಿ ತೋರಿಸುತ್ತೇನೆ. 79ನೇ ವಿಧಿ ಪ್ರಕಾರ ನಷ್ಟ ಪರಿಹಾರದ ಹೊಣೆ ತಪ್ಪಬೇಕಾದರೆ ಒಂದು ಅಡ್ಡಿ ಇರಬೇಕು, ಅದು ನಿಮ್ಮ ಹಿಡಿತದಲ್ಲಿರಬಾರದು, ಕರಾರು ಮಾಡುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಬೇಕಿತ್ತು ಅನ್ನುವ ಹಾಗಿರಬಾರದು, ಅದನ್ನಾಗಲಿ ಅದರ ಪರಿಣಾಮವನ್ನಾಗಲಿ ತಪ್ಪಿಸಲೂ ಆಗಬಾರದು. ಬೆಲೆ ಏರುವುದು ವ್ಯಾಪಾರದಲ್ಲಿ ಇದ್ದದ್ದೇ, ಅದು ಅಡ್ಡಿಯಲ್ಲ, ಅಂತ ಹೆಚ್ಚಿನ ಕೋರ್ಟುಗಳು ಹೇಳುತ್ತಾ ಬಂದಿವೆ. ಇದರ ಮಧ್ಯೆ 2009ರ ಜೂನ್ 19ರಂದು ಬೆಲ್ಜಿಯಂನ ಸರ್ವೋಚ್ಚ ನ್ಯಾಯಾಲಯ ಬೇರೆ ಹೇಳಿತು. ಉಕ್ಕಿನ ಕೊಳವೆ ಕೇಸು. ಉಕ್ಕಿನ ಬೆಲೆ ಶೇಕಡ 70ರಷ್ಟು ಏರಿತ್ತು. ಕರಾರಿನ ತೂಕವೇ ಬುಡಮೇಲಾದಾಗ ಅದೂ 79ರ ಅಡ್ಡಿ ಆಗಬಹುದು ಅಂದಿತು. ಏನು ಮಾಡಬೇಕು ಅಂತ ಸಿಐಎಸ್‌ಜಿಯಲ್ಲಿ ಬರೆದಿಲ್ಲವಲ್ಲ? ಅದಕ್ಕೆ ಯುನಿಡ್ರಾ ಸಂಸ್ಥೆಯ ಅಂತರರಾಷ್ಟ್ರೀಯ ವಾಣಿಜ್ಯ ಕರಾರು ತತ್ವಗಳನ್ನು ತಂದು, ಮಾರುವವನು ಮತ್ತೆ ಕೂತು ಮಾತಾಡಿ ಅಂತ ಕೇಳಬಹುದು ಅಂದಿತು.

ವಿದ್ವಾಂಸರು ಇದರ ಮೇಲೆ ಇನ್ನೂ ಕಿತ್ತಾಡುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಕೋರ್ಟು ಒಳ್ಳೆಯ ಮನಸ್ಸಿನಿಂದ ಸ್ವಲ್ಪ ದೂರ ಹೋಯಿತು. ಬೆಲೆ ಏರಿದರೆ ಏನು ಮಾಡಬೇಕು ಅಂತ ಎರಡು ಸಾಲು ಕರಾರಿನಲ್ಲೇ ಬರೆಯಬಹುದಿತ್ತು. ನೀವು ಒಪ್ಪದಿದ್ದರೆ ಇನ್ನೂ ಒಳ್ಳೆಯದು, ಅಸೈನ್‌ಮೆಂಟ್ ಅದರ ಮೇಲೇ ಬರೆಯಿರಿ.

ಪ್ರಶ್ನೆ: ಒಬ್ಬರ ಆರ್ಡರ್ ಫಾರಂನಲ್ಲಿ ಒಂದು ಷರತ್ತು, ಇನ್ನೊಬ್ಬರ ಒಪ್ಪಿಗೆ ಫಾರಂನಲ್ಲಿ ಇನ್ನೊಂದು. ಯಾರದ್ದು ನಡೆಯುತ್ತದೆ?

ಉತ್ತರ: 19ನೇ ವಿಧಿ. ಒಪ್ಪಿಗೆಯಲ್ಲಿ ದರ, ಪಾವತಿ, ಪ್ರಮಾಣ, ಗುಣಮಟ್ಟ, ತಲುಪಿಸುವ ಜಾಗ ಮತ್ತು ಸಮಯ, ಹೊಣೆಗಾರಿಕೆ, ವ್ಯಾಜ್ಯ ಬಗೆಹರಿಸುವ ರೀತಿ ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಅದು ಒಪ್ಪಿಗೆಯಲ್ಲ, ಹೊಸ ಆಫರ್. ಹಾಗಾದರೆ ಕೊನೆಗೆ ಫಾರಂ ಕಳಿಸಿದವನೇ ಗೆದ್ದ ಅಂತ ಒಂದು ವಾದ. ಡಿಕ್ಕಿ ಹೊಡೆಯುವ ಷರತ್ತುಗಳು ಎರಡೂ ಬಿದ್ದುಹೋಗುತ್ತವೆ, ಆ ಜಾಗಕ್ಕೆ ಕಾನೂನೇ ಬರುತ್ತದೆ ಅಂತ ಇನ್ನೊಂದು. 2002ರ ಹಾಲಿನ ಪುಡಿ ಕೇಸಿನಲ್ಲಿ ಚಿಪ್ಪುಮೀನಿನ ಕೇಸು ತೀರ್ಮಾನಿಸಿದ ಜರ್ಮನಿಯ ಅದೇ ನ್ಯಾಯಾಲಯ ಎರಡನೆಯದರ ಕಡೆ ವಾಲಿತು. ನನಗೂ ಅದೇ ಸರಿ ಅನಿಸುತ್ತದೆ.

ಪ್ರಶ್ನೆ: ಮೇಡಂ, ನಮ್ಮ ಕಾಲೇಜಿನಿಂದ ಮೊದಲ ಬಾರಿ ವಿಸ್ ಮೂಟ್ ಅನ್ನುವ ಅಂತರರಾಷ್ಟ್ರೀಯ ಅಣಕು ವಾದ ಸ್ಪರ್ಧೆಗೆ ತಂಡ ಕಟ್ಟುತ್ತಿದ್ದೇವೆ. ಹೇಳಿಕೊಡುವವರು ಯಾರೂ ಇಲ್ಲ. ನಾಲ್ಕು ಜನ ಇದ್ದೇವೆ, ಭಯ ಆಗುತ್ತಿದೆ. ಎಲ್ಲಿಂದ ಶುರು ಮಾಡೋದು?

ಉತ್ತರ: ಮೊದಲು ನನ್ನ ಕಥೆ ಕೇಳಿ, ಭಯ ಸ್ವಲ್ಪ ಕಡಿಮೆ ಆಗಬಹುದು. ನಾನು ಓದುವಾಗ ಒಂದು ಅಭ್ಯಾಸದ ಸುತ್ತಿನಲ್ಲಿ ಕೊಂಡವರ ಪರ ನಿಂತಿದ್ದೆ. 25ನೇ ವಿಧಿಯ ಮೂಲಭೂತ ಉಲ್ಲಂಘನೆಯ ಮೇಲೆ ಹತ್ತು ನಿಮಿಷ ಭರ್ಜರಿಯಾಗಿ ಮಾತಾಡಿದೆ. ಮೂರು ದೇಶದ ತೀರ್ಪು ಹೇಳಿದೆ. ಪೀಠದಲ್ಲಿದ್ದವರು ಕೈಯೆತ್ತಿ ಒಂದೇ ಪ್ರಶ್ನೆ ಕೇಳಿದರು: ಮಾಲು ಬಂದ ತಾರೀಖು ಯಾವುದು? ನನಗೆ ಗೊತ್ತಿಲ್ಲ. ಪುಟ ತಿರುವಿದೆ. ಇನ್ನೂ ತಿರುವಿದೆ. ಪಕ್ಕದಲ್ಲಿದ್ದ ಗೆಳತಿ ಚೀಟಿ ಸರಿಸಿದಳು. ಮಾಲು ಬಂದಿದ್ದು ಫೆಬ್ರವರಿಯಲ್ಲಿ, ನಮ್ಮ ಕಕ್ಷಿದಾರರು ದೂರಿನ ಮೇಲ್ ಕಳಿಸಿದ್ದು ಜೂನ್‌ನಲ್ಲಿ. 'ನಾಲ್ಕು ತಿಂಗಳು ಪೆಟ್ಟಿಗೆ ಬಿಚ್ಚಲಿಲ್ಲವಾ?' ಅಂದರು. ಬೆವರಿಳಿಯಿತು. 39ನೇ ವಿಧಿಗೆ ನನ್ನ ಹತ್ತಿರ ಒಂದು ಸಾಲೂ ಇರಲಿಲ್ಲ.

ಹಾಗಾಗಿ ಸ್ಪರ್ಧೆಯ ಸಮಸ್ಯೆ, ಅಂದರೆ ವಾದಿಸಬೇಕಾದ ಕಾಲ್ಪನಿಕ ಕೇಸು, ಕೈಗೆ ಬಂದ ಮೊದಲ ವಾರ ಕಾನೂನು ಪುಸ್ತಕ ಮುಟ್ಟಬೇಡಿ. ಒಂದು ದೊಡ್ಡ ಹಾಳೆ ತಗೊಳ್ಳಿ. ಯಾವ ದಿನ ಯಾರು ಯಾರಿಗೆ ಏನು ಬರೆದರು, ಯಾವ ದಿನ ಮಾಲು ಎಲ್ಲಿತ್ತು, ದುಡ್ಡು ಎಲ್ಲಿತ್ತು, ಎಲ್ಲ ಅದರ ಮೇಲೆ ಬರೆಯಿರಿ. ಮೇಲ್‌ನ ಕೊನೆಯಲ್ಲಿ ಸಹಜವಾಗಿ ಬರೆದ ಹಾಗಿರುವ ಒಂದು ಸಾಲು ಇರುತ್ತದಲ್ಲ, 'ಹೋದ ಸಲದ ಹಾಗೇ ಇರಲಿ' ಅಂತ, ಅದು ಸುಮ್ನೆ ಇರುವುದಿಲ್ಲ. 9ನೇ ವಿಧಿ ಅಲ್ಲಿ ಅಡಗಿ ಕೂತಿರುತ್ತದೆ, ಇಬ್ಬರ ನಡುವೆ ನಡೆದುಬಂದ ರೂಢಿ ಅಂತ.

ಉಳಿದದ್ದು ಚುಟುಕಾಗಿ. ಸಮಸ್ಯೆ ಅಕ್ಟೋಬರ್ ಮೊದಲಲ್ಲಿ ಬರುತ್ತದೆ, ಡಿಸೆಂಬರ್‌ನಲ್ಲಿ ದಾವೆ ಹೂಡಿದವರ ಪರ ಬರಹ, ಜನವರಿಯಲ್ಲಿ ಎದುರು ಪಕ್ಷದ ಪರ ಬರಹ. ಎರಡೂ ಕಡೆಯಿಂದ ನೀವೇ ಬರೆಯಬೇಕು, ಈ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಮೌಖಿಕ ಸುತ್ತು ವಿಯೆನ್ನಾದಲ್ಲಿ, ಈಸ್ಟರ್‌ಗೆ ಮೊದಲ ವಾರ. ಹಾಂಗ್‌ಕಾಂಗ್‌ನಲ್ಲಿ ಇದರ ತಂಗಿ ಸ್ಪರ್ಧೆಯೂ ಇದೆ. ಸಮಸ್ಯೆಯ ಅರ್ಧ ಭಾಗ ಮಾರಾಟದ ಕಾನೂನು, ಅರ್ಧ ಮಧ್ಯಸ್ಥಿಕೆಯ (ಆರ್ಬಿಟ್ರೇಶನ್) ಕಾನೂನು. ಹಾಗಾಗಿ ಮಧ್ಯಸ್ಥಿಕೆಯ ತೀರ್ಪುಗಳನ್ನು ಬೇರೆ ದೇಶಗಳಲ್ಲೂ ಜಾರಿ ಮಾಡಿಸುವ 1958ರ ನ್ಯೂಯಾರ್ಕ್ ಒಪ್ಪಂದವನ್ನೂ ಓದಿಕೊಳ್ಳಿ. ಪುಸ್ತಕಕ್ಕೆ ದುಡ್ಡಿಲ್ಲ ಅಂತ ಕೊರಗಬೇಡಿ. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ ಯುನ್ಸಿಟ್ರಾಲ್‌ನ ತೀರ್ಪು ಸಂಗ್ರಹ ಕ್ಲೌಟ್, ಸಿಐಎಸ್‌ಜಿ ಆನ್‌ಲೈನ್, ಪೇಸ್ ವಿಶ್ವವಿದ್ಯಾಲಯದ ಸಂಗ್ರಹ ಎಲ್ಲ ಬಿಟ್ಟಿಯಾಗಿ ಸಿಗುತ್ತವೆ. ಆದರೆ ಸಾರಾಂಶ ನೋಡಿ ತೀರ್ಪು ಉಲ್ಲೇಖಿಸಬೇಡಿ. ಪೂರ್ತಿ ಓದಿದವರು ಎದುರಿಗೆ ಕೂತಿರುತ್ತಾರೆ.

ಪ್ರಶ್ನೆ: ಪರೀಕ್ಷೆ ಮುಂದಿನ ವಾರ. ಒಂದೇ ಒಂದು ಕೇಸು ಓದಲು ಸಮಯವಿದೆ. ಯಾವುದು? ಇದನ್ನು ಓದಿದರೆ ಕೆಲಸ ಸಿಗುತ್ತಾ ಅಂತಲೂ ಹೇಳಿ.

ಉತ್ತರ: ಕೆಲಸದ ಮಾತು ಮೊದಲು. 'ಸಿಐಎಸ್‌ಜಿ ವಕೀಲರು ಬೇಕಾಗಿದ್ದಾರೆ' ಅಂತ ಜಾಹೀರಾತು ಬರುವುದಿಲ್ಲ. ಆಮದು ರಫ್ತು ಕಂಪನಿಯ ಕರಾರು ವಿಭಾಗ, ಹಡಗು ಸಾಗಣೆ, ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ವಿಭಾಗ, ಮಧ್ಯಸ್ಥಿಕೆ ಕೆಲಸ ಮಾಡುವ ಲಾ ಫರ್ಮ್, ಇಲ್ಲೆಲ್ಲ ಇದು ಗೊತ್ತಿದ್ದವರು ಬೇಕು. ಇದೊಂದೇ ಗೊತ್ತಿದ್ದರೆ ಸಾಲದು.

ಒಂದೇ ಕೇಸು ಅಂದರೆ ಮೇಲೆ ಹೇಳಿದ ಚಿಪ್ಪುಮೀನನ್ನೇ ಓದಿ. ಪರೀಕ್ಷೆ ಮುಗಿದ ಮೇಲೆ, ಖುಷಿಗೆ, 1960ರ ನ್ಯೂಯಾರ್ಕ್‌ನ ಕೋಳಿ ಕೇಸು ಓದಿ. ಸಿಐಎಸ್‌ಜಿಗಿಂತ ಹಳೆಯದು, ಪಠ್ಯದಲ್ಲಿ ಇಲ್ಲದಿರಬಹುದು. ಸ್ವಿಸ್ ಕಂಪನಿ ಅಮೆರಿಕದಿಂದ ಕೋಳಿ ತರಿಸಿತು. ಅವರಿಗೆ ಬೇಕಿದ್ದದ್ದು ಹುರಿಯಲು ಬರುವ ಎಳೆಯದು, ಬಂದಿದ್ದು ಬೇಯಿಸಿದರೂ ಬೇಯದ ಬಲಿತದ್ದು. ತಂತಿ ಸಂದೇಶಗಳೆಲ್ಲ ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿ, ಆದರೆ 'ಚಿಕನ್' ಅನ್ನುವ ಪದ ಮಾತ್ರ ಇಂಗ್ಲಿಷ್. ಚಿಕನ್ ಅಂದರೇನು ಅಂತ ನ್ಯಾಯಾಧೀಶರು ನಿಘಂಟು, ಸರ್ಕಾರಿ ನಿಯಮ, ವ್ಯಾಪಾರದ ರೂಢಿ, ಮಾರುಕಟ್ಟೆ ದರ ಎಲ್ಲ ಜಾಲಾಡಿದರು. ಎಳೆಯದು ಅಂತಲೇ ಅರ್ಥ ಅಂತ ಕೊಂಡವರು ಸಾಬೀತು ಮಾಡಲಾಗಲಿಲ್ಲ, ಸೋತರು. ಇಂಗ್ಲಿಷ್ ಪದವನ್ನೇ ಯಾಕೆ ಬಳಸಿದಿರಿ ಅಂದರೆ ಅವರ ಉತ್ತರ ಏನಿತ್ತು ಗೊತ್ತಾ? ಜರ್ಮನ್‌ನ 'ಹೂನ್' ಅಂದರೆ ಎಳೆಯದೂ ಬಲಿತದ್ದೂ ಎರಡೂ ಆಗುತ್ತದೆ, ಅದಕ್ಕೇ ಬೇಕಂತಲೇ ಬಳಸಲಿಲ್ಲ ಅಂತ.